ರೇಷ್ಮೆಯ ಪಾಲಿನ ನೀರು

"ಅಕ್ಕಾ, ಸಂಪಿನೊಳಕ್ಕೆ ಬೇರೆ ನೀರೇನಾದ್ರೂ ಬಿಟ್ಟಿದ್ರಾ?"

ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯ ಬಾಗಿಲಲ್ಲಿ ನಿಂತು ಬಣ್ಣಗಾರ ಕಾಂತರಾಜು ಹೀಗೆ ಕೇಳಿದಾಗ ಅನಿತ ಹಿತ್ತಲಲ್ಲಿ ಅತ್ತೆಯ ಹಾಸಿಗೆಯ ಬಟ್ಟೆಗಳನ್ನು ಹಿಂಡುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತು. ಕಾಂತರಾಜುವಿನ ಮೊಣಕೈವರೆಗೂ ಸೋಪಿನ ನೀರು ಮೆತ್ತಿಕೊಂಡಿತ್ತು. ಅವನ ಹಿಂದೆ ದೊಡ್ಡ ಕೊಪ್ಪರಿಗೆಯಿಂದ ಹಬೆ ಏಳುತ್ತಿತ್ತು.

"ಇಲ್ವಲ್ಲ. ಯಾಕೆ?"

"ನೊರೆನೇ ಏಳ್ತಿಲ್ಲ. ಹಾಲು ಒಡ್ದಂಗೆ ಒಡೀತಾ ಐತೆ."

"ನಂಗೇನ್ ಗೊತ್ತು ಕಾಂತಣ್ಣ. ಸಂಪಿನ ಕೀ ಅವ್ರ್ ಹತ್ರ ಇರುತ್ತೆ, ಇಲ್ಲಾ ನಿಮ್ ಹತ್ರ ಇರುತ್ತೆ," ಎಂದು ಅನಿತ ಮತ್ತೆ ಬಟ್ಟೆ ಹಿಂಡತೊಡಗಿದಳು. ಅದರಲ್ಲಿ ನೀರು ಉಳಿದಿರಲಿಲ್ಲ, ಸುಮ್ಮನೆ ಹಿಂಡಿದಳು.

ಕಾಂತರಾಜು ಮುಂಬಾಗಿಲಿಗೆ ಹೋಗಿ ಯಜಮಾನ, ಅನಿತಳ ಗಂಡ ವೇಣುಗೋಪಾಲನಿಗೂ ಇದನ್ನೇ ಹೇಳಿದ. ವೇಣುಗೋಪಾಲ ಫೋನಿನಲ್ಲಿದ್ದ. ಬೆಂಗಳೂರಿನ ಸೀರೆ ಅಂಗಡಿಯವರು ಮದುವೆ ಸೀಸನ್ನಿನ ಸರಕು ಯಾವಾಗ ಬರುತ್ತದೆಂದು ಅವನ ತಲೆ ತಿನ್ನುತ್ತಿದ್ದರು. ಫೋನನ್ನು ಎದೆಗೆ ಒತ್ತಿಕೊಂಡು, "ನೊರೆ ಬರ್ಲಿಲ್ಲ ಅಂದ್ರೆ ಸೋಪು ಇನ್ನೊಂದಿಷ್ಟು ಹಾಕೋ. ಅದನ್ನೂ ನಾನೇ ಬಂದು ಹೇಳ್ಕೊಡ್ಬೇಕಾ?" ಎಂದ. ಕಾಂತರಾಜು ಹಿಂದಕ್ಕೆ ಬಂದು ಸೋಪು ಇನ್ನೊಂದಿಷ್ಟು ಹಾಕಿದ. ಯಜಮಾನ ಹೇಳಿದ ಮೇಲೆ ಮುಗಿಯಿತು.

ದೊಡ್ಡಬಳ್ಳಾಪುರದ ಆ ಬೀದಿಯ ಬೋರ್‌ವೆಲ್ ನೀರಿನ ಗುಣವನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಹೊಸ ನಲ್ಲಿ ಹಾಕಿಸಿದರೆ ವರ್ಷದೊಳಗೆ ಅದರ ಮೂತಿಗೆ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತಿತ್ತು. ಗೀಜರ್ ಕೆಟ್ಟಾಗ ರಿಪೇರಿಯವನು ಒಳಗಿಂದ ಕಲ್ಲಿನಂಥ ಚಕ್ಕೆಗಳನ್ನು ಉದುರಿಸಿ, ಇದು ಗೀಜರ್ರೋ ಕ್ವಾರಿಯೋ ಎಂದು ನಕ್ಕು ಹೋಗುತ್ತಿದ್ದ. ತೊಗರಿಬೇಳೆ ಎಷ್ಟು ವಿಷಲ್ ಕೂಗಿಸಿದರೂ ಬೇಳೆಯಾಗಿಯೇ ಉಳಿಯುತ್ತಿತ್ತು. ಹೊಸದಾಗಿ ಬಂದ ಸೊಸೆಯರು ಮೊದಮೊದಲು ಅತ್ತೆಯನ್ನು ಬೈದುಕೊಳ್ಳುತ್ತಿದ್ದರು, ಆಮೇಲೆ ನೀರನ್ನು ಬೈದುಕೊಳ್ಳುತ್ತಿದ್ದರು, ಕೊನೆಗೆ ಎರಡಕ್ಕೂ ಹೊಂದಿಕೊಳ್ಳುತ್ತಿದ್ದರು. ಕುಡಿಯಲು ಮತ್ತು ಅಡಿಗೆಗೆ ಮಾತ್ರ ಎಲ್ಲರೂ ಫಿಲ್ಟರ್ ಘಟಕದಿಂದ ಸ್ಕೂಟರಿನಲ್ಲಿ ಕ್ಯಾನು ತರುತ್ತಿದ್ದರು. ಉಳಿದದ್ದಕ್ಕೆಲ್ಲ ಆ ಉಪ್ಪುನೀರೇ ಗತಿ.

ಮನುಷ್ಯರೇನೋ ಹೊಂದಿಕೊಂಡರು, ರೇಷ್ಮೆ ಹೊಂದಿಕೊಳ್ಳಲಿಲ್ಲ. ಹಸಿ ರೇಷ್ಮೆಯ ಎಳೆಯ ಮೇಲೆ ಒಂದು ಬಗೆಯ ಅಂಟು ಇರುತ್ತದೆ. ಸೋಪು ಹಾಕಿ ಕುದಿಸಿ ಆ ಅಂಟನ್ನು ಬಿಡಿಸಿದರೆ ಮಾತ್ರ ನೂಲು ಬಣ್ಣ ಹೀರುತ್ತದೆ. ಉಪ್ಪುನೀರಿಗೆ ಸೋಪು ಬಿದ್ದರೆ ನೊರೆಯ ಬದಲು ಬಿಳಿ ಗಷ್ಟು ಏಳುತ್ತದೆ, ಅದು ನೂಲಿಗೆ ಮೆತ್ತಿಕೊಳ್ಳುತ್ತದೆ, ಮೆತ್ತಿದ ಕಡೆ ಬಣ್ಣ ಹತ್ತುವುದಿಲ್ಲ. ಅದಕ್ಕೇ ವೇಣುಗೋಪಾಲನ ಮನೆಯ ಹಿತ್ತಲಲ್ಲಿ ಅಷ್ಟು ದೊಡ್ಡ ಸಂಪು ಇದ್ದದ್ದು. ಮಗ್ಗದ ಶೆಡ್ಡಿನ ಶೀಟುಗಳ ಮೇಲೆ ಬಿದ್ದ ಮಳೆಯೆಲ್ಲ ಪೈಪಿನಲ್ಲಿ ಇಳಿದು ಅಲ್ಲಿ ತುಂಬುತ್ತಿತ್ತು. ಹಿಂಗಾರಿನಲ್ಲಿ ತುಂಬಿದ ನೀರು ಬೇಸಿಗೆಯ ಮೊದಲ ಮಳೆಯವರೆಗೂ ಬರಬೇಕು. ಅದು ರೇಷ್ಮೆಯ ಪಾಲಿನ ನೀರು. ಅದರಲ್ಲಿ ಮನೆಯವರು ಕೈ ಕೂಡ ತೊಳೆಯುವಂತಿರಲಿಲ್ಲ.

ಈ ಕಟ್ಟಳೆ ಮಾಡಿದವಳು ವೇಣುಗೋಪಾಲನ ತಾಯಿ ಆದಿಲಕ್ಷ್ಮಮ್ಮ. ಗಂಡ ಸತ್ತ ಮೇಲೆ ಮಗ್ಗಗಳನ್ನು ಉಳಿಸಿಕೊಂಡು, ಮಗನನ್ನು ಬೆಳೆಸಿ, ಬಣ್ಣದ ಮನೆ ಕಟ್ಟಿಸಿದ ಗಟ್ಟಿಗಿತ್ತಿ ಅವಳು. ಸಂಪಿನ ಮುಚ್ಚಳಕ್ಕೆ ಸರಪಳಿ ಹಾಕಿಸಿ ಬೀಗ ಜಡಿದವಳೂ ಅವಳೇ. ಅನಿತ ವಿಜಯಪುರದಿಂದ ಸೊಸೆಯಾಗಿ ಬಂದು, ಬಾಣಂತಿಯಾಗಿ, ಮೈಯೆಲ್ಲ ತುರಿಕೆ ಎದ್ದು ಒಂದು ಹಂಡೆ ಸಿಹಿನೀರು ಕೇಳಿದಾಗ, "ಕಾಯಿಸಿದ್ಮೇಲೆ ಎಲ್ಲಾ ನೀರೂ ಒಂದೇ ಕಣಮ್ಮ," ಎಂದಿದ್ದಳು. ಮಗನಿಗೂ ಅದೇ ಪಾಠವಾಗಿತ್ತು. ವೇಣುಗೋಪಾಲ ಪ್ರತಿ ಸೋಮವಾರ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಸಂಪಿನೊಳಗೆ ಬಿದಿರು ಕೋಲು ಇಳಿಸಿ ನೀರು ಎಷ್ಟಿದೆಯೆಂದು ನೋಡುತ್ತಿದ್ದ. ಎಷ್ಟು ಲಡಿ ನೂಲಿಗೆ ಎಷ್ಟು ನೀರು ಇಳಿಯಬೇಕೆಂಬುದು ಅವನಿಗೆ ಬಾಯಿಪಾಠವಿತ್ತು.

ಹೋದ ದೀಪಾವಳಿಯ ಹೊತ್ತಿಗೆ ಆದಿಲಕ್ಷ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ತಡೆಯುವ ಮೈಯಲ್ಲ ಎಂದು ಡಾಕ್ಟರು ಹಾಗೇ ಕಳಿಸಿದರು. ಹಿತ್ತಲಿಗೆ ಕಿಟಕಿ ಇದ್ದ ಕೋಣೆಯಲ್ಲಿ ಅವಳ ಮಂಚ ಹಾಕಿದರು. ಸೊಂಟದ ಕೆಳಗೆ ಜೀವವಿರಲಿಲ್ಲ, ನಾಲಗೆ ಮಾತ್ರ ಮೊದಲಿನಂತೆಯೇ ಇತ್ತು. ಸಂಕ್ರಾಂತಿಗೆ ಮುಂಚೆಯೇ ಬೆನ್ನ ಮೇಲೆ ಹುಣ್ಣುಗಳಾದವು. ಅನಿತ ದಿನಾ ಬೆಳಿಗ್ಗೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಬಚ್ಚಲಿಗೆ ಎಳೆದುಕೊಂಡು ಹೋಗಿ ತೊಳೆಯುತ್ತಿದ್ದಳು. ಸೋಪಿನ ಗಷ್ಟು ಹುಣ್ಣಿನ ಅಂಚಿಗೆ ಹಿಡಿದುಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಇನ್ನಷ್ಟು ಉಪ್ಪುನೀರು ಹೊಯ್ಯಬೇಕಿತ್ತು, ಹೊಯ್ದರೆ ಮುದುಕಿ ಕಿರುಚುತ್ತಿದ್ದಳು. ಮಗ್ಗಗಳು ಶುರುವಾಗುವ ಮೊದಲಿನ ಆ ಹೊತ್ತಿನಲ್ಲಿ ಬೀದಿ ನಿಶ್ಶಬ್ದವಾಗಿರುತ್ತದೆ. ಕಿರುಚಿದ್ದು ಕೊನೆಯ ಮನೆಗೂ ಕೇಳುತ್ತಿತ್ತು.

ಒಂದು ದಿನ ರಂಗೋಲಿ ಹಾಕುವಾಗ ಎದುರು ಮನೆಯ ನರಸಮ್ಮ, "ಬೆಳ್‌ಬೆಳಗ್ಗೆ ಏನ್ ಅನಿತ ಅದು ಕೂಗು? ಎಷ್ಟೇ ಕೋಪ ಬರ್ಲಿ, ವಯಸ್ಸಾದೋರ ಮೇಲೆ ಕೈ ಎತ್ಬಾರ್ದಮ್ಮ," ಎಂದಳು. ಮಾತಿನಲ್ಲಿ ಬೈಗುಳವಿರಲಿಲ್ಲ, ಕನಿಕರವಿತ್ತು. ಅನಿತಳಿಗೆ ಮೈ ಉರಿದುಹೋಯಿತು. ಮಲಮೂತ್ರ ಬಳಿದು, ಅನ್ನ ಕಲಸಿ ತಿನ್ನಿಸಿ, ಕೊನೆಗೆ ಅತ್ತೆಗೆ ಹೊಡೆಯುವವಳು ಎನ್ನಿಸಿಕೊಳ್ಳುವುದೇ. ಆವತ್ತೇ ಗಂಡನನ್ನು ಕೇಳಿದಳು. ಹುಣ್ಣಿಗೆ ಸಿಹಿನೀರು ಹಾಕಿ ಎಂದು ಡಾಕ್ಟರೇ ಹೇಳಿದ್ದಾರೆ, ಸಂಪಿನಿಂದ ಒಂದಿಷ್ಟು ಕೊಡಿ ಎಂದಳು.

"ಈಗ್ಲಾ? ಆರ್ಡರ್ ತಲೆ ಮೇಲೆ ಕೂತಿರೋವಾಗ?" ಎಂದ ವೇಣುಗೋಪಾಲ.

"ಹಂಗಾದ್ರೆ ಕ್ಯಾನ್ ನೀರಾದ್ರೂ ಜಾಸ್ತಿ ತನ್ನಿ."

"ಕ್ಯಾನ್ ನೀರಲ್ಲಿ ಸ್ನಾನ ಮಾಡೋಕೆ ನಮ್ಮಮ್ಮ ಏನ್ ಸಿನಿಮಾದೋಳಾ? ಆಯಮ್ಮನೇ ಒಪ್ಪಲ್ಲ ಕೇಳ್ನೋಡು."

ಆಯಮ್ಮ ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಮಗ ಹೊರಗೆ ಹೋದ ಮೇಲೆ ಸೊಸೆಯನ್ನು ಕರೆದು ಬಾಗಿಲು ಹಾಕಿಸಿದಳು. ದಿಂಬಿನ ಕೆಳಗಿನಿಂದ ಎಲೆಅಡಿಕೆಯ ಚೀಲ ತೆಗೆದು, ಸುಣ್ಣದ ಡಬ್ಬಿಯ ಅಡಿಯಿಂದ ಒಂದು ಕೀ ಈಚೆಗೆಳೆದಳು.

"ಸಂಪಿಂದು. ಬೀಗ ತಂದಾಗ ಎರಡು ಬಂದಿತ್ತು. ನಿನ್ ಗಂಡಂಗೂ ಗೊತ್ತಿಲ್ಲ."

ಅನಿತ ಕೀಯನ್ನು ನೋಡಿದಳು. "ರೇಷ್ಮೆಗೆ ಕಮ್ಮಿ ಆಗಲ್ವಾ ಅತ್ತೆ?" ಎಂದಳು. ಇಷ್ಟು ವರ್ಷ ಕೇಳಿಸಿಕೊಂಡ ಮಾತನ್ನು ಒಮ್ಮೆಯಾದರೂ ತಿರುಗಿ ಆಡಬೇಕೆನ್ನಿಸಿತ್ತು.

"ರೇಷ್ಮೆಗೇನ್ ಬೆನ್ನಲ್ಲಿ ಹುಣ್ಣಾಗಿದ್ಯಾ? ಸುಮ್ನೆ ತಗೊಂಡ್ ಬಾರೇ."

ವೇಣುಗೋಪಾಲ ವಾಕಿಂಗ್ ಹೋಗಿ ಹೋಟೆಲಿನಲ್ಲಿ ಕಾಫಿ ಕುಡಿದು ಬರುವುದರೊಳಗೆ, ಕಾಂತರಾಜು ಕೆಲಸಕ್ಕೆ ಬರುವ ಮೊದಲು, ಅನಿತ ದಿನಕ್ಕೆ ಅರ್ಧ ಬಕೆಟ್ ಸಂಪಿನ ನೀರು ತೆಗೆಯತೊಡಗಿದಳು. ಸೋಮವಾರದ ಬಿದಿರು ಕೋಲಿಗೆ ಉತ್ತರ ಹೇಳಬೇಕಲ್ಲ. ಅದಕ್ಕೆ ತೆಗೆದಷ್ಟನ್ನು ಬೋರಿನ ನಲ್ಲಿಯಿಂದ ಹಿಡಿದು ಸಂಪಿಗೆ ವಾಪಸು ಸುರಿದಳು. ಅಷ್ಟು ನೀರಿಗೆ ಅರ್ಧ ಬಕೆಟ್ ಯಾವ ಲೆಕ್ಕ ಎಂದುಕೊಂಡಳು. ಅವಳು ಯೋಚಿಸದೇ ಹೋದದ್ದೆಂದರೆ, ಬೇಸಿಗೆ ಏರಿದಂತೆ ಸಂಪು ಇಳಿಯುತ್ತ ಹೋಗುತ್ತದೆ, ತಾನು ಸುರಿಯುವ ಅರ್ಧ ಬಕೆಟ್ ಮಾತ್ರ ಅಷ್ಟೇ ಇರುತ್ತದೆ ಎಂಬುದು. ಶಿವರಾತ್ರಿಯ ಹೊತ್ತಿಗೆ ತಳ ಹತ್ತಿರವಾಗಿತ್ತು, ಉಳಿದ ನೀರಿನಲ್ಲಿ ಮೂರರಲ್ಲೊಂದು ಪಾಲು ಬೋರಿನದೇ ಆಗಿತ್ತು. ಅಷ್ಟರಲ್ಲಿ ಮುದುಕಿಯ ಬೆನ್ನು ಒಣಗುತ್ತ ಬಂದಿತ್ತು. ಕಿರುಚಾಟ ನಿಂತಿತ್ತು. ನರಸಮ್ಮ ತನ್ನ ಸೊಸೆಗೆ ಅನಿತಳನ್ನು ತೋರಿಸಿ ಬುದ್ಧಿ ಹೇಳುವಷ್ಟು ದೂರ ಬಂದಿದ್ದಳು.

ಕಾಂತರಾಜು ಸೋಪು ಜಾಸ್ತಿ ಹಾಕಿ ಕುದಿಸಿದ ನೂಲು ಕುಂಕುಮದ ಬಣ್ಣದ ಕೊಪ್ಪರಿಗೆಗೆ ಹೋಯಿತು. ಮಾರನೆಯ ದಿನ ಹಿತ್ತಲ ಗಳಗಳ ಮೇಲೆ ಒಣಗಿದಾಗ ಅದರ ಬಂಡವಾಳ ಬಯಲಾಯಿತು. ಒಂದು ಲಡಿಯೂ ಸರಿಯಾಗಿರಲಿಲ್ಲ. ಎಲ್ಲೆಲ್ಲೂ ಬಿಳಿಚಿದ ಮಚ್ಚೆಗಳು, ತೊನ್ನು ಹತ್ತಿದ ಮೈಯಂತೆ. ಇಡೀ ಮದುವೆ ಆರ್ಡರಿನ ನೂಲು ಅದು. ವೇಣುಗೋಪಾಲ ಒಂದೊಂದೇ ಲಡಿಯನ್ನು ಬಿಸಿಲಿಗೆ ಹಿಡಿದು ನೋಡಿದ, ಕೆಳಗೆ ಎಸೆದ, ಮತ್ತೊಂದನ್ನು ಹಿಡಿದ. ಅವನ ಮುಖ ನೋಡಿ ಮಗ್ಗದ ಕೆಲಸಗಾರರು ಮಗ್ಗ ನಿಲ್ಲಿಸಿ ಹಿತ್ತಲಿಗೆ ಬಂದರು.

"ಅಣ್ಣ, ನಾನು ನಿನ್ನೆನೇ ಹೇಳ್ದೆ. ನೊರೆ ಬರ್ತಿಲ್ಲ ಅಂದೆ. ಸೋಪು ಹಾಕು ಅಂದ್ರಿ," ಎಂದ ಕಾಂತರಾಜು.

ಅದು ನಿಜವಾಗಿತ್ತು. ನಾಲ್ಕು ಜನರ ಎದುರಿಗೆ ಅದನ್ನು ಹೇಳಿದ್ದೇ ಅವನ ತಪ್ಪಾಯಿತು. ವೇಣುಗೋಪಾಲ ಒಂದು ಖಾಲಿ ಬಾಟಲಿಗೆ ಸಂಪಿನ ನೀರು ತುಂಬಿ, ಸೋಪಿನ ಚೂರು ಹಾಕಿ ಕುಲುಕಿದ. ನೊರೆ ಏಳಲಿಲ್ಲ, ಬಿಳಿ ಕಸರು ತೇಲಿತು. ಮಳೆನೀರಿಗೆ ಯಾರೋ ಬೋರಿನ ನೀರು ಬೆರೆಸಿದ್ದಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

"ಕೀ ಇರೋದು ಒಂದು. ನಾನು ಕೊಡೋದು ಒಬ್ಬಂಗೆ. ಹೇಳೋ, ನೀರು ಎಲ್ಲೋಯ್ತು?"

"ನಂಗೊತ್ತಿಲ್ಲ ಅಣ್ಣ. ದೇವ್ರಾಣೆ."

"ಯುಗಾದಿಗೆ ಒಂದ್ ಕ್ಯಾನ್ ಸಿಹಿನೀರು ಕೊಡಿ ಅಂತ ನೀನೇ ಅಲ್ವೇನೋ ಹೋದ್ವರ್ಷ ಕೇಳಿದ್ದು? ನಿನ್ ಹೆಂಡ್ತಿ ಹೋಳಿಗೆ ಮಾಡೋಕೆ, ಬೇಳೆ ಬೇಯಲ್ಲ ಅಂತ?"

"ಕೇಳಿದ್ದೆ. ನೀವು ಇಲ್ಲ ಅಂದ್ರಿ. ಸುಮ್ನಾದೆ."

ಆಗ ಕಿಟಕಿಯಿಂದ ಆದಿಲಕ್ಷ್ಮಮ್ಮನ ದನಿ ಬಂತು. "ವೇಣೂ, ಇಲ್ಲಿ ಬಾರಪ್ಪ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅನಿತ ಒಂದು ಹೆಜ್ಜೆ ಮುಂದೆ ಬಂದಳು. ಮುದುಕಿ ಸರಳು ಹಿಡಿದು ಕತ್ತು ಎತ್ತಿದ್ದಳು.

"ಹೇಳ್ಬಾರ್ದು ಅಂತಿದ್ದೆ. ಬಡವನ ಹೊಟ್ಟೆ ಮೇಲೆ ಯಾಕೆ ಹೊಡೀಲಿ ಅಂತ. ಅವನೇ ಕಣೋ. ದಿನಾ ಸಾಯಂಕಾಲ ಕ್ಯಾನಲ್ಲಿ ತುಂಬ್ಕೊಂಡು, ಬೋರಿನ ನೀರು ಬಿಟ್ಬಿಟ್ಟು ಹೋಗ್ತಿದ್ದ. ಈ ಕಣ್ಣಲ್ಲೇ ನೋಡಿದೀನಿ."

ಕಾಂತರಾಜು ಕಿಟಕಿಯ ಹತ್ತಿರ ಹೋದ. ಆ ಮುದುಕಿ ಅವನಿಗೆ ಕೆಲಸ ಕಲಿಸಿದವಳು. ಬಣ್ಣದ ಪಾಕ ಬೆರಳಿಗೆ ಹಚ್ಚಿ ನೋಡುವುದನ್ನು ತೋರಿಸಿಕೊಟ್ಟವಳು. "ದೊಡ್ಡಮ್ಮ, ನನ್ ಮುಖ ನೋಡಿ ಹೇಳಿ," ಎಂದ.

"ಹಾಸಿಗೆ ಹಿಡ್ದಿರೋಳು ನಾನು. ಸುಳ್ಳು ಹೇಳಿ ಏನ್ ಗಂಟು ಕಟ್ಕೊಂಡ್ ಹೋಗ್ಲಪ್ಪ?" ಎಂದಳು ಆದಿಲಕ್ಷ್ಮಮ್ಮ, ಅವನ ಮುಖವನ್ನೇ ನೋಡುತ್ತ.

ಕಾಂತರಾಜು ಅನಿತಳ ಕಡೆ ತಿರುಗಿದ. "ಅಕ್ಕಾ, ನೀವು ದಿನಾ ಇಲ್ಲೇ ಇರ್ತೀರ. ನೀವಾದ್ರೂ ಹೇಳಿ."

ಎಲ್ಲರೂ ಅವಳನ್ನು ನೋಡಿದರು. ವೇಣುಗೋಪಾಲನ ಕೈಯಲ್ಲಿ ಬಾಟಲಿ ಇನ್ನೂ ಇತ್ತು. ಒಂದು ಮಾತು ಸಾಕಿತ್ತು. ಅದು ಹೊರಬಿದ್ದರೆ ಈ ಲಡಿಗಳೆಲ್ಲ ತನ್ನ ತಲೆಯ ಮೇಲೆ ಬೀಳುತ್ತವೆ ಎಂದು ಹೆದರಿದಳು. "ನಾನ್ ಒಳ್ಗಡೆ ಕೆಲ್ಸದಲ್ಲಿರ್ತೀನಿ. ನಂಗೊತ್ತಿಲ್ಲ," ಎಂದಳು.

ವೇಣುಗೋಪಾಲ ಬಾಟಲಿಯ ನೀರನ್ನು ಕಾಂತರಾಜುವಿನ ಮುಖಕ್ಕೆ ಎರಚಿದ. ಕಣ್ಣಿಗೆ ಸೋಪು ಹೋಗಿ ಅವನು ಕಣ್ಣು ಮುಚ್ಚಿಕೊಂಡು ನಿಂತಾಗ ಮೊಬೈಲಿನಲ್ಲಿ ಅವನ ಫೋಟೋ ಹೊಡೆದ. ಊರಿನ ಬಣ್ಣದ ಮನೆಗಳವರದ್ದೊಂದು ವಾಟ್ಸಾಪ್ ಗ್ರೂಪು ಇತ್ತು. ಸಂಪಿನ ನೀರು ಕದ್ದು ಉಪ್ಪುನೀರು ತುಂಬಿಸಿದವನು, ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬೇಡಿ ಎಂದು ಬರೆದು ಅದರಲ್ಲಿ ಹಾಕಿದ. ಕಾಂತರಾಜು ಬೀದಿಯ ತುದಿ ಮುಟ್ಟುವ ಮೊದಲೇ ಆ ಫೋಟೋ ಊರನ್ನೆಲ್ಲ ಸುತ್ತಿತ್ತು.

ಸಾಯಂಕಾಲ ಅನಿತ ಅತ್ತೆಗೆ ಗಂಜಿ ತೆಗೆದುಕೊಂಡು ಹೋದಳು. ಚಮಚ ಬಾಯಿಗಿಡುವ ಮೊದಲು, "ಯಾಕತ್ತೆ ಹಂಗಂದ್ರಿ?" ಎಂದಳು.

"ಮತ್ತೆ ನಿನ್ ಹೆಸ್ರು ಹೇಳ್ಬೇಕಿತ್ತಾ? ಹೇಳು, ಈಗ್ಲೇ ವೇಣೂನ ಕರೀತೀನಿ."

"ಅವ್ನ್ ಏನ್ ಮಾಡಿದ್ದ ಪಾಪ."

"ಅವ್ನಿಗೆ ಇಲ್ಲಿಲ್ದಿದ್ರೆ ಇನ್ನೊಂದ್ ಕಡೆ ಕೆಲ್ಸ ಸಿಗುತ್ತೆ. ನಂಗೆ ಇನ್ನೊಂದ್ ಬೆನ್ನಿಲ್ಲ ಕಣೇ," ಎಂದು ಮುದುಕಿ ಗಂಜಿಗೆ ಬಾಯಿ ತೆರೆದಳು. "ನೀನು ಸುಮ್ನಿದ್ರೆ ನಾನು ಸುಮ್ನಿರ್ತೀನಿ. ಮಳೆ ಬರ್ಲಿ, ಸಂಪು ತುಂಬ್ಲಿ. ನನ್ ನೀರು ನಂಗೆ ಬರ್ಬೇಕು."

ಕೆಟ್ಟ ನೀರನ್ನು ಪಂಪು ಹಾಕಿ ಚರಂಡಿಗೆ ಬಿಟ್ಟರು. ಸಂಪು ಬರಿದಾಯಿತು. ಬಣ್ಣಕ್ಕೆ ನೂಲನ್ನು ಹೊರಗೆ ಕಳಿಸಬೇಕಾಗಿ ಬಂದು ವೇಣುಗೋಪಾಲ ಸಿಡಿಮಿಡಿಗುಟ್ಟುತ್ತ ಓಡಾಡಿದ. ಮುದುಕಿಗೆ ಮತ್ತೆ ಬೋರಿನ ನೀರು ಬಂತು, ಒಣಗಿದ್ದ ಹುಣ್ಣುಗಳು ಮತ್ತೆ ಬಾಯಿಬಿಟ್ಟವು. ನರಸಮ್ಮ ಮತ್ತೆ ರಂಗೋಲಿಯಿಂದ ತಲೆಯೆತ್ತಿ ನೋಡತೊಡಗಿದಳು. ಭರಣಿ ಮಳೆ ಬಂದದ್ದೇನೋ ಸರಿಯಾಗಿಯೇ ಬಂತು. ಒಂದೇ ವಾರದಲ್ಲಿ ಶೀಟುಗಳ ನೀರು ಇಳಿದಿಳಿದು ಸಂಪು ಕಂಠಮಟ್ಟ ತುಂಬಿತು.

ಮಳೆ ಬಿಟ್ಟ ಒಂದು ಮಧ್ಯಾಹ್ನ ಕಾಂತರಾಜುವಿನ ಹೆಂಡತಿ ಭಾಗ್ಯಮ್ಮ ಹಿಂದಿನ ಬಾಗಿಲಿಗೆ ಬಂದಳು. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಅವಳಿಗೆ. ಕೊರಳಲ್ಲಿ ಕಂಪನಿಯ ಕಾರ್ಡು ಹಾಗೇ ನೇತಾಡುತ್ತಿತ್ತು. ಅನಿತ ಒಳಗೆ ಕರೆದರೂ ಬರದೆ ಮೆಟ್ಟಿಲ ಮೇಲೆ ಕೂತಳು.

"ಎಲ್ಲಾ ಬಣ್ಣದ ಮನೆಗೂ ಹೋಗ್ಬಂದ್ರು ಅಕ್ಕ. ಮುಖ ನೋಡ್ತಿದ್ದಂಗೇ ಮೊಬೈಲ್ ತೆಗ್ದು ತೋರಿಸ್ತಾರಂತೆ. ಈಗ ನಮ್ ಕಂಪನಿ ಪಕ್ಕದ ಗೋಡೌನಲ್ಲಿ ಮೂಟೆ ಹೊರ್ತಾರೆ. ಅದಾದ್ರೂ ಪರ್ವಾಗಿಲ್ಲ. ರಾತ್ರಿ ಎದ್ದು ಕೂತ್ಕಂಡು, ನಾನು ಕದ್ದಿಲ್ಲ ಕಣೇ ಅಂತ ನಂಗೇ ಹೇಳ್ತಾರೆ. ನಾನು ಕದ್ರಿ ಅಂತ ಯಾವತ್ತಂದೆ?"

ಅನಿತ ಕಾಫಿ ತಂದುಕೊಟ್ಟಳು. ಭಾಗ್ಯಮ್ಮ ಕುಡಿದಳು.

"ಕೆಲ್ಸ ವಾಪಸ್ ಬೇಡ ಅಕ್ಕ. ಕದ್ದಿಲ್ಲ ಅಂತ ಆ ಗ್ರೂಪಲ್ಲಿ ಒಂದೇ ಒಂದ್ ಮಾತು ಹಾಕ್ಸಿ. ನಮ್ಮೋರು ನಿಮ್ ಮೇಲೆ ಒಂದ್ ಮಾತೂ ಆಡಿಲ್ಲ. ಅನಿತಕ್ಕಂಗೆ ಗೊತ್ತಿದ್ರೆ ಹೇಳೋರು, ಆಯಮ್ಮ ಅಂಥೋರಲ್ಲ ಅಂತಾರೆ."

"ಇವ್ರ್ ಹತ್ರ ಮಾತಾಡ್ತೀನಿ ಭಾಗ್ಯ. ಇವತ್ತೇ ಮಾತಾಡ್ತೀನಿ," ಎಂದಳು ಅನಿತ. ಆ ಗಳಿಗೆಯಲ್ಲಿ ಅವಳು ಸುಳ್ಳು ಹೇಳುತ್ತಿರಲಿಲ್ಲ. ಭಾಗ್ಯಮ್ಮ ಲೋಟವನ್ನು ನಲ್ಲಿಯಲ್ಲಿ ತೊಳೆದು ಮೆಟ್ಟಿಲ ಮೇಲೆ ಬೋರಲು ಹಾಕಿ ಹೋದಳು.

ಸಾಯಂಕಾಲ ವೇಣುಗೋಪಾಲ ನಗುನಗುತ್ತ ಬಂದ. ಹೊಸಕೋಟೆ ಕಡೆಯಿಂದ ಹೊಸ ಬಣ್ಣಗಾರ ಸಿಕ್ಕಿದ್ದ, ಮಾರನೆಯ ದಿನವೇ ಕೆಲಸ ಶುರು. ಅನಿತ ಕಾಫಿ ಕೊಟ್ಟು ಎದುರಿಗೆ ನಿಂತಳು. ಮಾತು ಎಲ್ಲಿಂದ ಶುರು ಮಾಡಬೇಕೆಂದು ಮಧ್ಯಾಹ್ನದಿಂದ ಮನಸ್ಸಿನಲ್ಲೇ ಜೋಡಿಸಿ ಇಟ್ಟುಕೊಂಡಿದ್ದಳು. ಅವಳು ಬಾಯಿ ತೆರೆಯುವ ಮೊದಲು ವೇಣುಗೋಪಾಲ ಜೇಬಿನಿಂದ ಸಂಪಿನ ಕೀ ತೆಗೆದು ಅವಳ ಕೈಯಲ್ಲಿಟ್ಟ.

"ಇನ್ಮೇಲೆ ಇದು ನಿನ್ ಹತ್ರ ಇರ್ಲಿ. ಕೆಲ್ಸದೋರನ್ನ ನಂಬಿ ಕೆಟ್ಟೆ. ಹೊಸಬ ಬಂದ್ರೆ ನೀನೇ ಬಾಗ್ಲು ತೆಗಿ, ಎದ್ರಿಗೆ ನಿಂತ್ಕೊ, ನೀನೇ ಹಾಕು. ಈ ಮನೇಲಿ ನಂಬೋಕೆ ನೀನೊಬ್ಳೇ ಇರೋದು."

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನೆಯ ಕಸುಬಿನ ಒಂದು ಮೊಳೆಯನ್ನೂ ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ಅನಿತಳಿಗೆ ಸಂತೋಷವಾಯಿತು. ಇಂಥ ಹೊತ್ತಿನಲ್ಲಿ ಸಂತೋಷವಾಗುವುದು ನಾಚಿಕೆಗೇಡು ಎಂಬುದು ಅವಳಿಗೆ ಗೊತ್ತಿತ್ತು, ಆದರೂ ಆಯಿತು. ಜೋಡಿಸಿಟ್ಟುಕೊಂಡಿದ್ದ ಮಾತು ಹಾಗೇ ಒಳಗೆ ಕೂತಿತು. "ಇನ್ನೊಂದ್ ಸ್ವಲ್ಪ ಕಾಫಿ ಹಾಕ್ಲಾ?" ಎಂದಳು.

ಮಾರನೆಯ ಬೆಳಿಗ್ಗೆ ಆದಿಲಕ್ಷ್ಮಮ್ಮ ಎಂದಿನ ಹೊತ್ತಿಗೆ ಕೂಗಿದಳು. ಅನಿತ ಹೋಗಲಿಲ್ಲ. ತಿಂಡಿ ಮಾಡಿದಳು, ಗಂಡನಿಗೆ ಬಡಿಸಿದಳು, ಅವನು ನೂಲು ತರಲು ಹೊರಟ. ಮಗ್ಗದವರು ಬಂದು ಸ್ವಿಚ್ಚು ಒತ್ತಿದರು. ಆರು ಮಗ್ಗಗಳೂ ಒಟ್ಟಿಗೆ ಬಡಿಯತೊಡಗಿ ಗೋಡೆಗಳು ಅದುರಿದ ಮೇಲೆ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಬಚ್ಚಲಿಗೆ ಎಳೆದುಕೊಂಡು ಹೋದಳು.

"ಯಾಕೆ ಇಷ್ಟೊತ್ತು? ಸಂಪು ತುಂಬೈತಲ್ಲ, ತಂದ್ಯಾ ನೀರು?"

"ತಂದಿದೀನಿ ಅತ್ತೆ."

ಮೊದಲ ಚೊಂಬು ಬೆನ್ನಿಗೆ ಬಿದ್ದು ಸೋಪು ಮುಟ್ಟಿದೊಡನೆ ಮುದುಕಿ ಬಿಲ್ಲಿನಂತೆ ಬಾಗಿದಳು. ತಿರುಗಿ ನೋಡಿದಳು. ಅವಳಿಗೆ ಬಚ್ಚಲ ನೆಲದಲ್ಲಿ ಹರಿಯುತ್ತಿದ್ದ ಬಿಳಿ ಕಸರು ಕಂಡಿತು.

"ಲೇ, ಇದು ಬೋರಿನ ನೀರು."

"ಹೌದು."

"ಸಂಪಿನ ನೀರು ತಾ ಅಂದ್ರೆ? ವೇಣು ಬರ್ಲಿ, ಎಲ್ಲಾ ಹೇಳ್ಬಿಡ್ತೀನಿ. ಬಿಡಲ್ಲ ನಿನ್ನ."

"ಹೇಳಿ ಅತ್ತೆ," ಎಂದಳು ಅನಿತ. ಅವಳ ದನಿ ಏರಲಿಲ್ಲ, ಮಗ್ಗದ ಸದ್ದಿಗೆ ಕಿವಿಯ ಹತ್ತಿರ ಬಾಗಿ ಹೇಳಬೇಕಾಯಿತು. "ಕಾಂತರಾಜು ಕದ್ದಿದ್ದು ಕಣ್ಣಾರೆ ನೋಡಿದೀನಿ ಅಂತ ಊರ್ ಮುಂದೆ ಹೇಳಿದೋರು ನೀವು. ಈಗ ಅವ್ನಲ್ಲ, ಸೊಸೆ ಕದ್ಲು ಅನ್ನಿ. ಮುದುಕಿಗೆ ಅರಳು ಮರಳು ಅಂತಾರೆ. ಕೀ ಈಗ ನನ್ ಹತ್ರ ಐತೆ. ನಿಮ್ಮಗನೇ ಕೊಟ್ಟಿದ್ದು. ಅದು ರೇಷ್ಮೆ ನೀರು ಅತ್ತೆ, ನಿಮಗಲ್ಲ."

ಆದಿಲಕ್ಷ್ಮಮ್ಮ ಸೊಸೆಯ ಮುಖವನ್ನು ನೋಡಿದಳು. ಲೆಕ್ಕಾಚಾರದ ಹೆಂಗಸು ಅವಳು, ಹೊಸದಾಗಿ ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಕೈ ಮುಂದೆ ಮಾಡಿ ಅನಿತಳ ಸೆರಗು ಹಿಡಿದುಕೊಂಡಳು. "ಬೇಡ ಕಣಮ್ಮ. ಒಂದ್ ಚೊಂಬು. ಕೊನೇಲಿ ತೊಳ್ಯೋಕೆ ಒಂದೇ ಚೊಂಬು," ಎಂದಳು.

ಅನಿತ ಸೆರಗು ಬಿಡಿಸಿಕೊಂಡು ಇನ್ನೊಂದು ಚೊಂಬು ಹೊಯ್ದಳು. ಮುದುಕಿ ಕಿರುಚಿದಳು, ಬಾಯಿ ತೆರೆದದ್ದು ಕಾಣಿಸಿತು. ಎದುರು ಮನೆಯ ನರಸಮ್ಮ ಜಗುಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದವಳು ಬಿಡಿಸುತ್ತಲೇ ಇದ್ದಳು. ಬಕೆಟ್ಟು ಖಾಲಿಯಾಗುವವರೆಗೂ ಅನಿತ ಒಂದೇ ಸಮನೆ ಹೊಯ್ದಳು. ಆಮೇಲೆ ಹಳೆಯ ಸೀರೆಯ ಮೆತ್ತನೆ ತುಂಡಿನಿಂದ ಹುಣ್ಣಿನ ಸುತ್ತ ನೋಯದಂತೆ ಒತ್ತಿ ಒರೆಸಿ, ಪೌಡರು ಹಾಕಿ, ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿದಳು. ಮುದುಕಿ ಗೋಡೆಗೆ ಮುಖ ಮಾಡಿಕೊಂಡಳು.

ಹಿತ್ತಲಲ್ಲಿ ಹೊಸ ಬಣ್ಣಗಾರ ವಸಂತ್ ಒಲೆ ಹಚ್ಚಿಕೊಂಡು ಕಾಯುತ್ತಿದ್ದ. ಮೀಸೆ ತಿದ್ದಿಕೊಂಡ, ಮಾತಿನ ಚಪಲದ ಆಳು. ಅನಿತ ಕೈ ಒರೆಸಿಕೊಂಡು ಸಂಪಿನ ಮುಚ್ಚಳ ತೆಗೆದಳು. ಅವನು ನೀರು ಸೇದಿ ಸೇದಿ ಕೊಪ್ಪರಿಗೆ ತುಂಬಿಸಿದ. ಬಿಸಿಯಾದ ಮೇಲೆ ಸೋಪು ಹಾಕಿ ಕೋಲಿನಿಂದ ಕದಡಿದೊಡನೆ ನೊರೆ ಉಕ್ಕಿ ಅಂಚಿನವರೆಗೆ ಬಂತು. ವಸಂತ್ ಅದನ್ನು ಬೊಗಸೆಯಲ್ಲಿ ಎತ್ತಿ ಊದಿದ.

"ಏನ್ ನೀರು ಅಕ್ಕ ಇದು, ಬೆಣ್ಣೆ ಇದ್ದಂಗೈತೆ. ಹಿಂದೆ ಇದ್ದೋನು ಯಾಕ್ ಕದೀತಿದ್ದ ಅಂತ ಈಗ ಗೊತ್ತಾಯ್ತು ಬಿಡಿ."

ಅನಿತ ಸಂಪಿನ ಅಂಚಿನ ಮೇಲೆ ಬಿದ್ದಿದ್ದ ಒಂದು ಎಲೆಯನ್ನು ಹೆಕ್ಕಿ ಆಚೆ ಹಾಕಿದಳು.

"ಜಾಸ್ತಿನೇ ಹೊಡೀತಿದ್ನಾ?" ಎಂದು ಕೇಳಿದ ವಸಂತ್.

"ದಿನಾ ಅರ್ಧ ಬಕೆಟ್," ಎಂದಳು ಅನಿತ.

ವಸಂತ್ ಲೊಚಗುಟ್ಟಿ ತಲೆಯಾಡಿಸಿದ. ಕೋಲಿಗೆ ಏರಿಸಿದ್ದ ಮೊದಲ ಲಡಿಯನ್ನು ಕೊಪ್ಪರಿಗೆಗೆ ಇಳಿಸಿದ. ಒರಟಾಗಿ ಸೆಟೆದುಕೊಂಡಿದ್ದ ನೂಲು ನೊರೆಯೊಳಗೆ ಎಳೆ ಎಳೆಯಾಗಿ ಬಿಡಿಸಿಕೊಂಡು ಮೆಲ್ಲಗೆ ಮುಳುಗಿತು.